ಓದಲು ಬರುತ್ತದೆ, ಓದುವ ಆಸೆ ಇಲ್ಲ: ಮನೆಯಲ್ಲೇ ಕಲಿಯುವ ಮಕ್ಕಳಿಗೆ ಒಳ್ಳೆಯ ಪುಸ್ತಕದ ರುಚಿ ಹತ್ತಿಸುವುದು ಹೇಗೆ?

ಮುಲುಂಡ್ ಅಮ್ಮ:

ಎಲ್ಲರಿಗೂ ನಮಸ್ಕಾರ. ನಮ್ಮೂರು ಕುಂದಾಪುರದ ಕಡೆ, ಈಗ ಇರುವುದು ಮುಂಬಯಿಯ ಮುಲುಂಡ್‌ನಲ್ಲಿ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಆರು. ಇಬ್ಬರಿಗೂ ಮನೆಯಲ್ಲೇ ಪಾಠ. ಮುಂದೆ ಎನ್‌ಐಓಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ ಹತ್ತನೇ ತರಗತಿ ಪರೀಕ್ಷೆಗೆ ಕೂರಿಸಬೇಕು ಅಂತಿದ್ದೇವೆ.

ಪಾಠಕ್ಕೆ ನಾನು ಶಾರ್ಲಟ್ ಮೇಸನ್ ಅವರ ದಾರಿ ಹಿಡಿದಿದ್ದೇನೆ. 1842ರಲ್ಲಿ ಹುಟ್ಟಿ 1923ರಲ್ಲಿ ತೀರಿಕೊಂಡ ಇಂಗ್ಲೆಂಡಿನ ಶಿಕ್ಷಕಿ. ಒಣ ಪಠ್ಯಪುಸ್ತಕ ಬೇಡ, ಆ ವಿಷಯವನ್ನು ಪ್ರೀತಿಸಿ ಬರೆದವರ ಜೀವಂತ ಪುಸ್ತಕ ಕೊಡಿ, ಒಂದೇ ಸಲ ಓದಿಸಿ, ಆಮೇಲೆ ಮಗು ತನ್ನ ಮಾತಿನಲ್ಲೇ ಅದನ್ನು ತಿರುಗಿ ಹೇಳಲಿ ಎನ್ನುತ್ತಿದ್ದರು ಅವರು. ನನಗೆ ಇದು ತುಂಬಾ ಹಿಡಿಸಿತು. ಮಗಳು ಓದಿದ ಪ್ರತಿ ಪುಸ್ತಕದ ವಿವರವನ್ನು ರಿಜಿಸ್ಟರ್‌ನಲ್ಲಿ ಬರೆದಿಡುತ್ತೇನೆ. ಹೆಸರು, ಎಷ್ಟು ಪುಟ, ಅವಳು ಹೇಳಿದ ಕಥೆ, ಗೊತ್ತಾಗದ ಪದಗಳು. ಓದಿ ಮುಗಿಸಿದ ಮೇಲೆ ಹತ್ತು ಪ್ರಶ್ನೆ ಕೇಳುತ್ತೇನೆ.

ಓದುವುದಿಲ್ಲ ಅಂತ ದೂರು ಹೇಳುವ ಹಾಗಿಲ್ಲ, ಓದುತ್ತಾಳೆ. ಆದರೆ ಪುಸ್ತಕ ಕೈಗೆ ಕೊಟ್ಟ ಕೂಡಲೇ ಕೊನೆಯ ಪುಟ ತೆಗೆದು ನಂಬರ್ ನೋಡುತ್ತಾಳೆ. "ಇದನ್ನೂ ಹೇಳ್ಬೇಕಾ ಅಮ್ಮ?" ಅಂತ ಕೇಳುತ್ತಾಳೆ. ತೆಳ್ಳಗಿನ ಪುಸ್ತಕವನ್ನೇ ಹುಡುಕುತ್ತಾಳೆ. ತಾನಾಗಿ ಎತ್ತಿಕೊಳ್ಳುವುದು ಕಾಮಿಕ್ಸ್ ಮಾತ್ರ. ರಟ್ಟು ಹರಿದ ಟಿಂಕಲ್‌ಗಳನ್ನೇ ಮತ್ತೆ ಮತ್ತೆ ಓದುತ್ತಾಳೆ.

ಕನ್ನಡದ ಚಿಂತೆ ಬೇರೆ. ಮನೆಯಲ್ಲಿ ಕುಂದಾಪ್ರ ಕನ್ನಡ ಚೆನ್ನಾಗಿ ಮಾತಾಡುತ್ತಾರೆ. ಬಿಲ್ಡಿಂಗ್‌ನ ಮಕ್ಕಳ ಜೊತೆ ಮರಾಠಿ, ಹಿಂದಿ. ಓದುವುದು ಇಂಗ್ಲಿಷ್ ಮತ್ತು ದೇವನಾಗರಿ. ಮಗಳಿಗೆ ಕನ್ನಡ ಅಕ್ಷರ ಗೊತ್ತು, ಆದರೆ ಎರಡು ಸಾಲು ಓದುವಷ್ಟರಲ್ಲಿ ಸಾಕಾಗಿ ಬಿಡುತ್ತದೆ. ಮಗನಿಗಂತೂ ಯಾವ ಭಾಷೆಯಲ್ಲೂ ಇನ್ನೂ ಕೂಡಿಸಿ ಓದಲು ಬರುವುದಿಲ್ಲ. ಊರಿಗೆ ಹೋದಾಗೆಲ್ಲ ಇದೇ ಮಾತು.

ನಾನು ಓದಿಯೇ ದೊಡ್ಡವಳಾದವಳು. ನನ್ನ ಮಕ್ಕಳಿಗೆ ಆ ಸುಖ ಸಿಗದೇ ಹೋದರೆ ಎನ್ನುವುದೇ ನನ್ನ ಸಂಕಟ. ಶಾಲೆ ಬಿಡಿಸಿ ಮನೆಯಲ್ಲಿ ಕಲಿಸುತ್ತಿರುವವರು, ಕಲಿಸಿದವರು ಯಾರಾದರೂ ಇದ್ದರೆ ಹೇಳಿ. ಓದಿನ ಪ್ರೀತಿ ಹೇಗೆ ಬಂತು? ಕಾಮಿಕ್ಸ್ ನಿಲ್ಲಿಸಬೇಕಾ? ಕನ್ನಡಕ್ಕೆ ಎಲ್ಲಿಂದ ಶುರು ಮಾಡಲಿ?

ಕೋಥ್ರೂಡ್ ಅಪ್ಪ:

ಅಕ್ಕಾರೆ, ನಮಸ್ಕಾರ. ನಾವು ಧಾರವಾಡದವರು, ಪುಣೆಗೆ ಬಂದು ಬಹಳ ವರ್ಷವಾಯಿತು. ಮಗನಿಗೆ ಹದಿಮೂರು, ಮಗಳಿಗೆ ಹತ್ತು. ಇಬ್ಬರೂ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹೆಂಡತಿಗೆ ಆಫೀಸು. ನಾನು ಮನೆಯಿಂದಲೇ ಅರ್ಧ ದಿನ ಅಕೌಂಟ್ಸ್ ಕೆಲಸ ಮಾಡುತ್ತೇನೆ, ಹಾಗಾಗಿ ಮಕ್ಕಳ ಓದು ನನ್ನ ಪಾಲಿಗೆ ಬಂದಿದೆ.

ನೀವು ಬರೆದದ್ದನ್ನು ಓದುವಾಗ ನನ್ನ ಕಣ್ಣು ನಿಂತದ್ದು ಆ ರಿಜಿಸ್ಟರ್ ಮೇಲೆ.

ಶಾಲೆಗೆ ಹೋಗುವ ಮಗುವಿಗೆ ಸಂಜೆ ಗಂಟೆ ಹೊಡೆಯುತ್ತದೆ. ಟೀಚರ್ ಅಲ್ಲೇ ಉಳಿಯುತ್ತಾರೆ, ಮನೆಯಲ್ಲಿ ಅಮ್ಮ ಇರುತ್ತಾಳೆ. ಪಠ್ಯಪುಸ್ತಕದೊಳಗೆ ಕಥೆ ಪುಸ್ತಕ ಇಟ್ಟುಕೊಂಡು ಕದ್ದು ಓದುವ ಖುಷಿಯೂ ಆ ಮಗುವಿಗೆ ಉಂಟು. ನಮ್ಮ ಮಕ್ಕಳಿಗೆ ಆ ಗಂಟೆ ಇಲ್ಲ. ಟೀಚರೂ ನಾವೇ, ಅಪ್ಪ ಅಮ್ಮನೂ ನಾವೇ. ನಮ್ಮ ಕೈಯಿಂದ ಬಂದ ಯಾವ ಪುಸ್ತಕವಾದರೂ ಅವರಿಗೆ ಪಾಠದ ವಾಸನೆ ಬರುತ್ತದೆ. ಅದಕ್ಕೇ, ಲೆಕ್ಕಕ್ಕೆ ಸೇರದ ಓದು ಅಂತ ಒಂದನ್ನು ನಾವೇ ಬೇರೆ ಮಾಡಿ ಕೊಡಬೇಕು. ಹೋಮ್‌ಸ್ಕೂಲ್ ಮನೆಗಳಲ್ಲಿ ಇದು ತಾನಾಗಿ ಆಗುವುದಿಲ್ಲ. ನಾನು ನಿಮಗೆ ಹೇಳಬೇಕೆಂದಿರುವ ಮುಖ್ಯ ಮಾತು ಇದೊಂದೇ.

ನಮ್ಮ ಮನೆಯಲ್ಲಿ ಎರಡು ಕಪಾಟು ಇವೆ. ಹಾಲ್‌ನಲ್ಲಿರುವುದು ಬೆಳಗಿನ ಕಪಾಟು. ಇತಿಹಾಸ, ವಿಜ್ಞಾನ, ಭೂಗೋಳ ಎಲ್ಲ ಅದರಲ್ಲಿ. ಓದಿ, ತಿರುಗಿ ಹೇಳಿ, ಬೇಕಾದರೆ ಬರೆದು ಇಡುತ್ತೇವೆ. ಒಳಗಿನ ಕೋಣೆಯಲ್ಲಿ, ಮಕ್ಕಳು ಮಲಗುವಲ್ಲಿ, ಇನ್ನೊಂದು. ಅದರ ಪುಸ್ತಕದ ಬಗ್ಗೆ ನಾನು ಒಂದೇ ಒಂದು ಪ್ರಶ್ನೆ ಕೇಳುವುದಿಲ್ಲ. "ಏನು ಕಲಿತೆ?" ಇಲ್ಲ. "ಎಲ್ಲಿವರೆಗೆ ಬಂತು?" ಅದೂ ಇಲ್ಲ. ಅರ್ಧಕ್ಕೆ ಬಿಟ್ಟರೆ ಬಿಟ್ಟ ಹಾಗೆ. ಒಂದೇ ಪುಸ್ತಕ ಮತ್ತೆ ಮತ್ತೆ ಓದಿದರೂ ಸರಿ. ಆದರೆ ಆ ಕಪಾಟಿನೊಳಗೆ ಏನು ಹೋಗಬೇಕು ಎನ್ನುವುದು ಮಾತ್ರ ನನ್ನ ಕೈಯಲ್ಲಿದೆ, ಅದನ್ನು ನಾನು ಬಿಟ್ಟುಕೊಡುವುದಿಲ್ಲ. ಕಳಪೆ ಅನಿಸಿದ್ದು ಅಲ್ಲಿ ಸೇರುವುದಿಲ್ಲ. ಒಳ್ಳೆಯದರ ನಡುವೆ ಅವರಿಗೆ ಬೇಕಾದ್ದು ಅವರು ಆರಿಸಿಕೊಳ್ಳುತ್ತಾರೆ.

ಮೇಸನ್ ಅವರ ಬಗ್ಗೆಯೂ ಒಂದು ಮಾತು. ತಿರುಗಿ ಹೇಳುವುದು ಅಂದರೆ ಪ್ರಶ್ನೋತ್ತರ ಅಲ್ಲ. ಮಗು ಹೇಳುವಾಗ ದೊಡ್ಡವರು ನಡುವೆ ಬಾಯಿ ಹಾಕಬಾರದು ಅಂತಲೇ ಅವರು ಹೇಳಿದ್ದು. ಆರು ವರ್ಷ ತುಂಬುವವರೆಗೆ ಮಗುವನ್ನು ಹೇಳು ಅಂತ ಕೇಳಲೂ ಕೂಡದು, ತಾನಾಗಿ ಹೇಳಿದರೆ ಕೇಳಿಸಿಕೊಳ್ಳಬೇಕು ಅಷ್ಟೆ. ಆ ಹತ್ತು ಪ್ರಶ್ನೆ ಅವರ ಪದ್ಧತಿಯಲ್ಲಿ ಇಲ್ಲ. ಧೈರ್ಯವಾಗಿ ಬಿಟ್ಟುಬಿಡಿ.

ಇನ್ನು ಗಟ್ಟಿಯಾಗಿ ಓದಿ ಹೇಳುವುದು. ಮಗಳಿಗೆ ಓದಲು ಬರುತ್ತದೆ ಅಂತ ಇದನ್ನು ನಿಲ್ಲಿಸಬೇಡಿ. ಬಹಳ ಮನೆಗಳಲ್ಲಿ ನಿಲ್ಲುವುದು ಅಲ್ಲೇ. ಒಂಬತ್ತರ ಮಗು ಕಣ್ಣಿನಿಂದ ಓದಬಲ್ಲದ್ದಕ್ಕಿಂತ ಎಷ್ಟೋ ದೊಡ್ಡ ಕಥೆಯನ್ನು ಕಿವಿಯಿಂದ ಹಿಡಿಯುತ್ತದೆ. ಅದರಲ್ಲೂ ಮಾತು ಬಂದು ಓದು ಬಾರದ ನಮ್ಮ ಹೊರನಾಡಿನ ಮಕ್ಕಳಿಗೆ ಕನ್ನಡ ಪುಸ್ತಕದ ಬಾಗಿಲು ಕಿವಿಯೇ.

ನಮ್ಮಲ್ಲಿ ಊಟವಾದ ಮೇಲೆ ಓದು. ಮಗನಿಗೆ ಒಂಬತ್ತಾದರೂ ಕನ್ನಡ ಓದು ಸರಿಯಾಗಿ ಬಂದಿರಲಿಲ್ಲ. ಆಗ ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ' ಹಿಡಿದೆ. ಅವನು ಎದುರಿಗೆ ಕೂತು ಕೇಳುವ ಹುಡುಗನಲ್ಲ. ಹಳೇ ಸೈಕಲ್ ಬೆಲ್ ಒಂದನ್ನು ಬಿಚ್ಚಿ, ಸ್ಪ್ರಿಂಗು ಸ್ಕ್ರೂ ಎಲ್ಲ ಚಾಪೆ ಮೇಲೆ ಸಾಲಾಗಿ ಜೋಡಿಸಿಕೊಂಡು ಕೂರುತ್ತಿದ್ದ. ಕೇಳುತ್ತಿದ್ದಾನೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ನಾನು ಒಂದು ಸಾಲು ತಪ್ಪಿಸಿ ಓದಿದರೆ ಮಾತ್ರ ತಲೆ ಎತ್ತದೆಯೇ, "ಅಪ್ಪಾ, ನಡುವೆ ಏನೋ ಬಿಟ್ರಿ" ಅನ್ನುತ್ತಿದ್ದ. ಅದರಲ್ಲಿ ಬರುವ ಕಿವಿ ಎಂಬ ನಾಯಿ ಅವನಿಗೆ ಮನೆಯ ನಾಯಿಯೇ ಆಗಿಹೋಯಿತು. ಕೈಗೆ ಕೆಲಸವಿದ್ದರೆ ಕೆಲವು ಮಕ್ಕಳ ಕಿವಿ ಇನ್ನೂ ಚುರುಕಾಗುತ್ತದೆ. ನೆಟ್ಟಗೆ ಕೂರು, ನನ್ನನ್ನೇ ನೋಡು ಅಂತ ಒತ್ತಾಯ ಮಾಡಬೇಡಿ.

ಆಮೇಲೆ ಅವನಿಗೆ ಹಕ್ಕಿ ಹುಚ್ಚು ಹಿಡಿಯಿತು. ನಮ್ಮ ಮನೆಯಿಂದ ವೇತಾಳ ಟೇಕಡಿ ಎಂಬ ಗುಡ್ಡ ಹತ್ತಿರ. ಬೆಳಿಗ್ಗೆ ಬೇಗ ಹೋದರೆ ನವಿಲು ಸಿಗುತ್ತವೆ, ಬುಲ್‌ಬುಲ್ ಅಂತೂ ಪೊದೆಗೊಂದು. ತೇಜಸ್ವಿಯವರದೇ 'ಹಕ್ಕಿಪುಕ್ಕ' ತಂದುಕೊಟ್ಟೆ. ಚಿತ್ರ ನೋಡಿ ಗುರುತು ಹಿಡಿಯುತ್ತಿದ್ದ, ಹೆಸರು ಓದಲು ನನ್ನ ಹತ್ತಿರ ಬರುತ್ತಿದ್ದ. ನಾನು ಅಕೌಂಟ್ಸ್‌ನಲ್ಲಿ ಮುಳುಗಿರುತ್ತಿದ್ದೆ. ಕಾದು ಕಾದು ತಾನೇ ಕೂಡಿಸಿ ಓದತೊಡಗಿದ. ಪಿ-ಕ-ಳಾ-ರ. ಮ-ಡಿ-ವಾ-ಳ. ಹೀಗೆ ಒಂದೊಂದೇ ಹೆಸರಿನಿಂದ ಶುರುವಾಗಿ ಅದರ ಕೆಳಗಿನ ವಿವರಕ್ಕೆ ಬಂದ. ಅವನು ಕನ್ನಡ ಓದಿದ್ದು ಕನ್ನಡ ಕಲಿಯಲಿಕ್ಕಲ್ಲ, ಆ ಹಕ್ಕಿ ಏನು ತಿನ್ನುತ್ತದೆ, ಎಲ್ಲಿ ಗೂಡು ಕಟ್ಟುತ್ತದೆ ಅಂತ ತಿಳಿಯಲಿಕ್ಕೆ. ನಿಮ್ಮ ಮಗಳಿಗೆ ಯಾವುದರ ಹುಚ್ಚಿದೆ ನೋಡಿ. ಅಡುಗೆಯೋ, ನಕ್ಷತ್ರವೋ, ಬೆಕ್ಕೋ. ಅದರ ಬಗ್ಗೆ ಒಳ್ಳೆಯ ಕನ್ನಡ ಪುಸ್ತಕ ಒಂದನ್ನು ತಂದು ಮನೆಯಲ್ಲಿ ಸುಮ್ನೆ ಇಡಿ. ಕೊಟ್ಟು "ಓದು" ಅನ್ನಬೇಡಿ.

ಕಾಮಿಕ್ಸ್ ನಿಲ್ಲಿಸಬೇಡಿ. ಅಮರ ಚಿತ್ರ ಕಥಾ, 1980ರಲ್ಲಿ ಶುರುವಾದ ಟಿಂಕಲ್, ಎರಡರ ಹಿಂದೆಯೂ ಇದ್ದವರು ಅನಂತ ಪೈ. ನಮ್ಮ ಕಾರ್ಕಳದಲ್ಲಿ ಹುಟ್ಟಿ ನಿಮ್ಮ ಮುಂಬಯಿಯಲ್ಲೇ ಆ ಕೆಲಸ ಮಾಡಿದವರು. ಎಷ್ಟು ಮಕ್ಕಳು ಅವುಗಳಿಂದ ಓದು ಕಲಿತಿದ್ದಾರೆ. ರಟ್ಟು ಹರಿಯುವಷ್ಟು ಓದಿದ್ದಾಳೆ ಅಂದರೆ ಅವಳಲ್ಲಿ ಓದಿನ ಪ್ರೀತಿ ಈಗಾಗಲೇ ಇದೆ ಅಕ್ಕಾರೆ. ಅದು ರಿಜಿಸ್ಟರ್‌ಗೆ ಬರದ ಕಡೆ ಹೋಗಿ ಕೂತಿದೆ ಅಷ್ಟೆ. ಕಾಮಿಕ್ಸ್‌ನಲ್ಲಿ ಓದಿದ ವ್ಯಕ್ತಿಯ ಬಗ್ಗೆಯೇ ಒಂದು ಸಣ್ಣ ಪುಸ್ತಕ ಪಕ್ಕದಲ್ಲಿಡಿ. ಎಲ್.ಎಸ್. ಶೇಷಗಿರಿ ರಾವ್ ಸಂಪಾದಕರಾಗಿ ರಾಷ್ಟ್ರೋತ್ಥಾನ ಪರಿಷತ್ತು ತಂದ ಭಾರತ ಭಾರತಿ ಮಾಲೆ ಇದಕ್ಕೆ ಹೇಳಿ ಮಾಡಿಸಿದ್ದು. ಪುಟ್ಟ ಪುಟ್ಟ ಪುಸ್ತಕಗಳು, ಮಗುವಿನ ಕೈಯಲ್ಲಿ ಹಿಡಿಸುತ್ತವೆ. ಊರಿಗೆ ಹೋದಾಗ ಧಾರವಾಡದ ಸುಭಾಷ್ ರಸ್ತೆಯಲ್ಲಿ ಒಂದು ಚೀಲ ತುಂಬಿಸಿಕೊಂಡೇ ನಾವು ಬಸ್ ಹತ್ತುವುದು. ಇಂಗ್ಲಿಷ್, ಮರಾಠಿ ಪುಸ್ತಕಕ್ಕೆ ಇಲ್ಲಿ ಅಪ್ಪಾ ಬಳವಂತ ಚೌಕ ಇದ್ದೇ ಇದೆ. ನಿಮಗೆ ಮಾಟುಂಗಾದ ಕಿಂಗ್ಸ್ ಸರ್ಕಲ್ ಫುಟ್‌ಪಾತ್‌ನ ಹಳೇ ಪುಸ್ತಕದವರು ಇದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಕೈಗೆ ಸ್ವಲ್ಪ ದುಡ್ಡು ಕೊಟ್ಟು, ನೀವು ಪಕ್ಕಕ್ಕೆ ನಿಂತುಬಿಡಿ.

ಕೊನೆಗೆ, ನಿಮಗಾಗಿ ಒಂದು ಪುಸ್ತಕ: ಗಿಜುಭಾಯಿ ಬಧೇಕಾ ಅವರ 'ದಿವಾಸ್ವಪ್ನ'. 1930ರ ದಶಕದಲ್ಲಿ ಗುಜರಾತಿಯಲ್ಲಿ ಬಂದದ್ದು. ಗಿಜುಭಾಯಿ ವಕೀಲರಾಗಿದ್ದವರು. ಮಗ ಹುಟ್ಟಿದ ಮೇಲೆ ಅವನನ್ನು ಹೇಗೆ ಬೆಳೆಸಲಿ ಅಂತ ಯೋಚಿಸುತ್ತಾ ಶಿಕ್ಷಣದ ಕಡೆ ಹೊರಳಿ ಭಾವನಗರದಲ್ಲಿ ಬಾಲಮಂದಿರ ನಡೆಸಿದರು. ಈ ಪುಸ್ತಕದ ಲಕ್ಷ್ಮೀರಾಮ್ ಮೇಷ್ಟ್ರು ನಾಲ್ಕನೇ ತರಗತಿಯ ಗಲಾಟೆ ಮಕ್ಕಳಿಗೆ ಪಾಠ ಬಿಟ್ಟು ಕಥೆ ಹೇಳಲು ಕೂರುತ್ತಾನೆ. ಪಠ್ಯಪುಸ್ತಕ ಕೊಳ್ಳುವ ದುಡ್ಡಿನಲ್ಲಿ ಎಲ್ಲ ಮಕ್ಕಳಿಗೂ ಸೇರಿ ತರಗತಿಯಲ್ಲೇ ಗ್ರಂಥಾಲಯ ಮಾಡುತ್ತಾನೆ. ಇದನ್ನು ಓದಿದ ಮೇಲೆ ನನ್ನ ಬೆಳಗಿನ ಪಾಠದ ಹೊತ್ತು ಕಡಿಮೆಯಾಯಿತು, ಕಥೆಯ ಹೊತ್ತು ಜಾಸ್ತಿಯಾಯಿತು.

ನಿವೃತ್ತ ಮೇಷ್ಟ್ರು, ಮಾಟುಂಗಾ:

ತಂಗೀ, ನಾನು ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವನು. ಕನ್ನಡ ಓದಿನ ಬಗ್ಗೆ ಮಾತ್ರ ಹೇಳುತ್ತೇನೆ.

ನಿಮ್ಮ ಮಗಳಿಗೆ ದೇವನಾಗರಿ ಬರುವುದು ದೊಡ್ಡ ಅನುಕೂಲ. ಕ ಖ ಗ ಘ ಙ, ಅದೇ ವರ್ಗ, ಅದೇ ಕ್ರಮ. ಮರಾಠಿಯಲ್ಲಿ ಳ ಕೂಡ ಇದೆ. ಹಾಗಾದರೆ ಅವಳು ಎಡವುವುದು ಎಲ್ಲಿ? ನನ್ನ ಅನುಭವದಲ್ಲಿ ಎರಡು ಕಡೆ. ಒಂದು, ಹ್ರಸ್ವ ದೀರ್ಘ. ಮರಾಠಿ ಬರವಣಿಗೆಯಲ್ಲಿ ಎ, ಏ ಎಂದು ಎರಡು ಇಲ್ಲ. ಒ, ಓ ಕೂಡ ಬೇರೆ ಬೇರೆ ಇಲ್ಲ. ಹಾಗಾಗಿ ಮುಂಬಯಿ ಮಕ್ಕಳು ಕೆರೆಯನ್ನು ಕೇರೆ ಎಂದು ಓದುತ್ತಾರೆ. ಕೇರೆ ಅಂದರೆ ಹಾವು! ಎರಡನೆಯದು ಒತ್ತಕ್ಷರ. ದೇವನಾಗರಿಯಲ್ಲಿ ಅರ್ಧ ಅಕ್ಷರ ಸಾಮಾನ್ಯವಾಗಿ ಮುಂದಿನ ಅಕ್ಷರಕ್ಕೆ ಪಕ್ಕದಲ್ಲಿ ಅಂಟಿಕೊಂಡು ಬರುತ್ತದೆ. ನಮ್ಮಲ್ಲಿ ಎರಡನೆಯ ಅಕ್ಷರ ಕೆಳಗೆ ಇಳಿಯುತ್ತದೆ, ಆಕಾರವೂ ಎಷ್ಟೋ ಸಲ ಬದಲಾಗುತ್ತದೆ. ತ, ಮ, ಯ, ರ, ನ, ಲ, ಈ ಆರರ ಒತ್ತು ಮಾತ್ರ ಮೊದಲು ಬೇರೆಯಾಗಿ ರೂಢಿ ಮಾಡಿಸಿ. ಇವುಗಳ ಮೂಲರೂಪಕ್ಕೂ ಒತ್ತಿಗೂ ಹೋಲಿಕೆ ಕಡಿಮೆ. ಉಳಿದವು ಓದುತ್ತಾ ಬರುತ್ತವೆ. ಎರಡು ಸಾಲಿಗೆ ಸುಸ್ತಾಗುವ ಮಗುವಿಗೆ ಹೆಚ್ಚಾಗಿ ಬೇಸರ ಕನ್ನಡದ ಮೇಲೆ ಇರುವುದಿಲ್ಲ, ಈ ಒತ್ತುಗಳ ಮೇಲೆ ಇರುತ್ತದೆ.

ಪುಸ್ತಕಕ್ಕೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಎಂಬ ವೆಬ್‌ಸೈಟ್ ನೋಡಿ. 2015ರಿಂದ ಇದೆ, ದುಡ್ಡು ಕೊಡಬೇಕಿಲ್ಲ. ಕಥೆಗಳನ್ನು ಒಂದರಿಂದ ನಾಲ್ಕರವರೆಗೆ ಹಂತ ಮಾಡಿದ್ದಾರೆ. ಬಹಳಷ್ಟು ಕಥೆಗಳು ಕನ್ನಡದಲ್ಲೂ ಇವೆ, ಮರಾಠಿಯಲ್ಲೂ ಇವೆ. ಒಂದೇ ಕಥೆಯನ್ನು ಮೊದಲು ಮರಾಠಿಯಲ್ಲಿ ಓದಿಕೊಂಡು ಆಮೇಲೆ ಕನ್ನಡದಲ್ಲಿ ಓದಲಿ. ಕಥೆ ಗೊತ್ತಿದ್ದರೆ ಅಕ್ಷರದ ಭಯ ಅರ್ಧ ಇಳಿಯುತ್ತದೆ. ಚೆನ್ನೈನ ತೂಲಿಕಾ ಪ್ರಕಾಶನದವರು ಇಂಗ್ಲಿಷ್ ಮತ್ತು ಕನ್ನಡ ಎರಡೂ ಒಂದೇ ಪುಟದಲ್ಲಿರುವ ಚಿತ್ರಪುಸ್ತಕಗಳನ್ನು ತಂದಿದ್ದಾರೆ. ಅವು ಆರು ವರ್ಷದ ಹುಡುಗನಿಗೂ ಆಗುತ್ತವೆ.

ಗಟ್ಟಿಯಾಗಿ ಓದಲು ನನ್ನ ಆಯ್ಕೆ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'. ರಾಬರ್ಟ್ ಬ್ರೌನಿಂಗ್‌ನ ಇಂಗ್ಲಿಷ್ ಪದ್ಯದ ಎಳೆ ಹಿಡಿದು ಅದನ್ನು ತುಂಗೆಯ ದಡಕ್ಕೆ ತಂದಿದ್ದಾರೆ. ಇಲಿಗಳು ಸಾಲು ಸಾಲಾಗಿ ಬರುವ ಭಾಗವನ್ನು ಮಕ್ಕಳು ಎರಡನೇ ಸಲಕ್ಕೇ ನಿಮ್ಮ ಜೊತೆ ಹೇಳತೊಡಗುತ್ತಾರೆ. ಜಿ.ಪಿ. ರಾಜರತ್ನಂ, ಪಂಜೆ ಮಂಗೇಶರಾಯರ ಪದ್ಯಗಳೂ ಹಾಗೇ. ಬಾಯಿಪಾಠವಾದ ಪದ್ಯವನ್ನು ಅಚ್ಚಿನಲ್ಲಿ ತೋರಿಸಿದರೆ ಮಗು ಬೆರಳಿಟ್ಟು ತಾನೇ ಓದುತ್ತದೆ. ಪಂಜೆಯವರು ಮಕ್ಕಳಿಗಾಗಿ ಬರೆದು ಎಷ್ಟು ಕಾಲವಾಯಿತು, ಇವತ್ತಿನ ಮಗುವಿನ ನಾಲಗೆಗೂ ಹಾಗೇ ಹೊಂದುತ್ತದೆ. ವಯಸ್ಸು ಹತ್ತಾದ ಮೇಲೆ ಶಿವರಾಮ ಕಾರಂತರ 'ಬಾಲ ಪ್ರಪಂಚ'. 1930ರ ದಶಕದ್ದು, ಮೂರು ಸಂಪುಟ. ವಿಜ್ಞಾನದ ಮಾಹಿತಿ ಕೆಲವು ಕಡೆ ಹಳೆಯದು, ಆದರೆ ಮಗುವಿನ ಜೊತೆ ಮಾತಾಡುವ ರೀತಿ ನೋಡಿ. ನೀವು ಹೇಳುವ ಜೀವಂತ ಪುಸ್ತಕ ಅಂದರೆ ಅದೇ.

ಆರು ವರ್ಷಕ್ಕೆ ಕೂಡಿಸಿ ಓದದಿದ್ದರೆ ಗಾಬರಿ ಬೇಡ. ಆದರೆ ಎಂಟರ ಹತ್ತಿರ ಬಂದರೂ ಅಕ್ಷರ ಅದಲುಬದಲಾಗುತ್ತಿದ್ದರೆ, ಓದಲು ಕೂತರೆ ತಲೆನೋವು ಅಂದರೆ, ಮೊದಲು ಕಣ್ಣು ತೋರಿಸಿ. ಆಮೇಲೂ ಹಾಗೇ ಇದ್ದರೆ ಸಯನ್ ಆಸ್ಪತ್ರೆಯಲ್ಲಿ ಕಲಿಕೆಯ ತೊಂದರೆ ಪರೀಕ್ಷಿಸುವ ಕ್ಲಿನಿಕ್ ಇದೆ. ಮನೆಯಲ್ಲಿ ಕಲಿಯುವ ಮಗುವನ್ನು ಬೇರೆ ಟೀಚರ್ ಯಾರೂ ಗಮನಿಸುವುದಿಲ್ಲ, ಅದಕ್ಕೆ ಹೇಳಿದೆ. ಹಾಗೇ, ಎನ್‌ಐಓಎಸ್ ಹತ್ತನೇ ತರಗತಿಗೆ ಹದಿನಾಲ್ಕು ತುಂಬಿರಬೇಕು, ಅಲ್ಲಿ ಕನ್ನಡವನ್ನೂ ಒಂದು ವಿಷಯವಾಗಿ ತೆಗೆದುಕೊಳ್ಳಬಹುದು.

ಪಣಜಿಯ ಓದುಗಿ:

ನನ್ನ ಮಗಳಿಗೆ ಈಗ ಹದಿನಾರು, ಅವಳೂ ಮನೆಯಲ್ಲೇ ಕಲಿತವಳು. ಕೋಥ್ರೂಡ್‌ನ ಅಣ್ಣನ ಮಾತಿಗೆ ಪೂರ್ತಿ ಒಪ್ಪಿಗೆ ಇಲ್ಲ. ಅರ್ಧಕ್ಕೆ ಬಿಡಬಹುದು ಅಂತ ಎಲ್ಲ ಪುಸ್ತಕಕ್ಕೂ ಹೇಳಿದರೆ ಮಗು ಸುಲಭದ್ದರಲ್ಲೇ ನಿಂತುಬಿಡುತ್ತದೆ. ಒಳ್ಳೆಯ ಪುಸ್ತಕ ಎಷ್ಟೋ ಸಲ ಮೊದಲಿಗೆ ನಿಧಾನ. ನಾವು ಒಂದು ಪದ್ಧತಿ ಇಟ್ಟುಕೊಂಡೆವು. ಕಷ್ಟದ ಪುಸ್ತಕವಾದರೆ ಮೊದಲ ಎರಡು ಮೂರು ಅಧ್ಯಾಯ ನಾನೇ ಓದಿ ಹೇಳುವುದು. ಅಷ್ಟರಲ್ಲಿ ಪಾತ್ರಗಳ ಪರಿಚಯವಾಗಿರುತ್ತದೆ, ಭಾಷೆ ಪಳಗಿರುತ್ತದೆ. ಆಮೇಲೂ ಬೇಡ ಅಂದರೆ ಬೇಡ. ಹೆಚ್ಚಿನ ಸಲ ಅವಳು ಪುಸ್ತಕ ನನ್ನ ಕೈಯಿಂದ ತೆಗೆದುಕೊಂಡು ಹೋಗಿದ್ದಾಳೆ.

ಇನ್ನೊಂದು, ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ. ಇಲ್ಲಿ ಪಾಟೋದಲ್ಲಿರುವ ಕೃಷ್ಣದಾಸ ಶಾಮಾ ಕೇಂದ್ರ ಗ್ರಂಥಾಲಯ 1832ರಷ್ಟು ಹಳೆಯದು. ಮಕ್ಕಳ ವಿಭಾಗ ಚೆನ್ನಾಗಿದೆ. ಶಾಲೆಗೆ ಹೋಗದ ಮಗು ಓದುವ ಬೇರೆ ಮಕ್ಕಳನ್ನು ನೋಡುವುದು ಎಲ್ಲಿ ಹೇಳಿ? ತನ್ನ ವಯಸ್ಸಿನ ಹುಡುಗಿ ನೆಲದ ಮೇಲೆ ಕೂತು ದಪ್ಪ ಪುಸ್ತಕ ಓದುವುದನ್ನು ನೋಡಿದರೆ, ಅದು ಏನು ಪುಸ್ತಕ ಅಂತ ನಿಮ್ಮ ಮಗಳಿಗೂ ಬೇಕಾಗುತ್ತದೆ. ಗೋವಾಕ್ಕೆ ಬಂದರೆ ಬೀಚ್ ಜೊತೆ ಇದನ್ನೂ ಸೇರಿಸಿಕೊಳ್ಳಿ.

ಕೋಥ್ರೂಡ್ ಅಪ್ಪ:

ಪಣಜಿಯ ಅಕ್ಕಾರೆ, ಮೊದಲ ಅಧ್ಯಾಯಗಳನ್ನು ನಾವೇ ಓದಿ ಹೇಳುವುದು ಬಹಳ ಒಳ್ಳೆಯದು, ಒಪ್ಪಿದೆ. ಆದರೆ ಮುಲುಂಡ್ ಅಕ್ಕನ ಮಗಳು ಈಗ ಪುಟ ಎಣಿಸುತ್ತಿದ್ದಾಳೆ. ಮೊದಲು ಆ ಎಣಿಕೆ ನಿಲ್ಲಲಿ. ಕಷ್ಟದ ಪುಸ್ತಕ ಒಂದು ಮಳೆಗಾಲ ಕಾಯಬಹುದು.

ಮುಲುಂಡ್ ಅಮ್ಮ:

ಎಲ್ಲರಿಗೂ ಮನಸ್ಸು ತುಂಬಿ ಥ್ಯಾಂಕ್ಸ್. ರಿಜಿಸ್ಟರ್ ಇನ್ನು ಬೆಳಗಿನ ಪುಸ್ತಕಕ್ಕೆ ಮಾತ್ರ. ಹತ್ತು ಪ್ರಶ್ನೆ ಇಲ್ಲ ಅಂತ ಮಗಳಿಗೆ ಹೇಳಿದೆ, "ಯಾವತ್ತೂ ಇಲ್ವಾ?" ಅಂತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಮೇಷ್ಟ್ರೇ, ಒತ್ತಿನ ಮಾತು ನೂರಕ್ಕೆ ನೂರು ನಿಜ. ಅವಳು ಓದುವಾಗ ಕೂತು ಗಮನಿಸಿದೆ, ನಿಲ್ಲುವುದು ಅಲ್ಲಲ್ಲೇ.

ಅವಳಿಗೆ ಮೀನಿನ ಹುಚ್ಚು. ಮಾರ್ಕೆಟ್‌ನಲ್ಲಿ ಪ್ರತಿ ಮೀನಿನ ಹೆಸರು ಕೇಳಿ ನನ್ನನ್ನು ಅರ್ಧ ಗಂಟೆ ನಿಲ್ಲಿಸುತ್ತಾಳೆ. ಕೋಥ್ರೂಡ್‌ನ ಅಣ್ಣ, 'ಪರಿಸರದ ಕತೆ' ತರಿಸಿದ್ದೇನೆ. ಆರು ವರ್ಷದವನೂ ಪಕ್ಕದಲ್ಲಿ ಇರುತ್ತಾನಲ್ಲ, ಬೇಟೆಯ ಭಾಗ ಓದಬಹುದಾ?

ಕೋಥ್ರೂಡ್ ಅಪ್ಪ:

ಮೀನಿನ ಹುಚ್ಚಿದ್ದರೆ ಆ ಪುಸ್ತಕ ಅವಳದೇ ಅಂದುಕೊಳ್ಳಿ, ಮೀನು ಹಿಡಿಯುವ ಕಥೆಯೂ ಅದರಲ್ಲಿದೆ. ಬೇಟೆ, ಕೋವಿ ಎಲ್ಲ ಬರುತ್ತದೆ, ಅದನ್ನು ನೀವು ಮೊದಲೇ ಒಮ್ಮೆ ಓದಿಕೊಂಡಿರಿ. ಚಿಕ್ಕವನಿಗೆ ನಾಯಿ ಕಿವಿಯ ಪ್ರಸಂಗಗಳಿಂದ ಶುರು ಮಾಡಿ. ಅವನ ಮುಖ ಸಣ್ಣದಾದರೆ ಆ ಪುಟ ಅಲ್ಲಿಗೇ ನಿಲ್ಲಿಸಿ ಬೇರೆ ಕಥೆಗೆ ಹೋಗಿ. ದೊಡ್ಡವಳಿಗೆ ಅವನು ಮಲಗಿದ ಮೇಲೆ ಉಳಿದದ್ದನ್ನು ಓದಿ. ತಮ್ಮನಿಗಿಲ್ಲದ ಕಥೆ ತನಗೆ ಸಿಕ್ಕಿತು ಅಂದರೆ ಒಂಬತ್ತರ ಹುಡುಗಿಗೆ ಅದೂ ಒಂದು ಹೆಮ್ಮೆ ಅಲ್ವಾ.